ಕಾಯಿಸಿದರೆ ಕರಗುವ ಬಲ

ದಾವಣಗೆರೆಯ ಹೊರವಲಯದಲ್ಲಿ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ, ಬಾಗಿದ ಲಾರಿ ಚಾಸಿಯನ್ನು ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ, ಜಾಕ್ ಕೊಟ್ಟು ನೆಟ್ಟಗೆ ಮಾಡುತ್ತಿದ್ದುದನ್ನು ಈಚೆಗೆ ನೋಡಿದೆ. ಹಳೆಯ ಮೆದು ಉಕ್ಕಿಗೆ ಈ ಮದ್ದು ಒಗ್ಗುತ್ತಿತ್ತು. ಈಗಿನ ಅನೇಕ ಭಾರೀ ಲಾರಿಗಳ ಚಾಸಿ ಅಧಿಕ ಬಲದ ಅಲ್ಪಮಿಶ್ರ ಉಕ್ಕಿನದು. ಅದನ್ನು ಹೀಗೆ ಕಾಯಿಸಿದರೆ ಆಕಾರ ಮರಳುತ್ತದೆ, ಬಲ ಮರಳುವುದಿಲ್ಲ.

ಉಕ್ಕನ್ನು ಗಟ್ಟಿಮಾಡುವ ಹಳೆಯ ದಾರಿಯೆಂದರೆ ಇಂಗಾಲ. ಅದೇ ಲಾರಿಯ ಕಮಾನು ಪಟ್ಟಿಯಲ್ಲಿ ಇಂಗಾಲ ಶೇ. 0.5ರಷ್ಟಿರುವುದರಿಂದಲೇ ಅದಕ್ಕೆ ಅಷ್ಟು ಕಸುವು; ಆದರೆ ವೆಲ್ಡ್ ಮಾಡಹೋದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಅಲ್ಪಮಿಶ್ರ ಉಕ್ಕಿನಲ್ಲಿ ಇಂಗಾಲವನ್ನು ಸಾಮಾನ್ಯವಾಗಿ ಶೇ. 0.2ಕ್ಕಿಂತ ಕೆಳಗಿಳಿಸಿ, ಒಂದಿಷ್ಟು ಮ್ಯಾಂಗನೀಸ್ ಜೊತೆಗೆ ನಯೋಬಿಯಂ, ವೆನೇಡಿಯಂ ಅಥವಾ ಟೈಟಾನಿಯಂ ಬೆರೆಸುತ್ತಾರೆ. ಒಂದು ಟನ್ ಉಕ್ಕಿಗೆ ಮುನ್ನೂರು, ನಾನೂರು ಗ್ರಾಂ ನಯೋಬಿಯಂ ಸಾಕು. ಸಾರಿಗೆ ಹಾಕುವ ಉಪ್ಪಿನ ಪಾಲೂ ಇದಕ್ಕಿಂತ ಎಷ್ಟೋ ಹೆಚ್ಚು.

ಇಷ್ಟು ಚಿಟಿಕೆ ಲೋಹ ಮಾಡುವ ಕೆಲಸವಾದರೂ ಏನು? ಉಕ್ಕು ಅಸಂಖ್ಯ ಸಣ್ಣ ಹರಳುಗಳ ಒಟ್ಟಿಲು. ಸುಮಾರು 1,200 ಡಿಗ್ರಿಗೆ ಕಾಯಿಸಿದ ದಿಂಡನ್ನು ರೋಲರುಗಳ ನಡುವೆ ಒತ್ತುತ್ತಾ, ಕೊನೆಯ ಸುತ್ತುಗಳನ್ನು 800–900 ಡಿಗ್ರಿಯ ಆಸುಪಾಸಿನಲ್ಲಿ ಮುಗಿಸುವಾಗ, ನಯೋಬಿಯಂ ಇಂಗಾಲದೊಡನೆ ಕೂಡಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಕಣಗಳಾಗಿ ಹರಳುಗಳ ಅಂಚಿನಲ್ಲಿ ಕೂತು, ಅವು ಬೆಳೆಯದಂತೆ ತಡೆಯುತ್ತದೆ. ಹರಳು ಸಣ್ಣದಾದಷ್ಟೂ ಅಂಚುಗಳು ಹೆಚ್ಚು. ಬಾಗಿಸುವ ಒತ್ತಡಕ್ಕೆ ಒಂದೊಂದು ಅಂಚೂ ಅಡ್ಡಗೋಡೆ. 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಎಂಬ ವಿಜ್ಞಾನಿಗಳು ಇದನ್ನು ಲೆಕ್ಕಕ್ಕೆ ತಂದರು: ಹರಳಿನ ಅಳತೆ ಕಾಲು ಭಾಗಕ್ಕಿಳಿದರೆ ಅಂಚುಗಳಿಂದ ಬರುವ ಬಲ ಇಮ್ಮಡಿಯಾಗುತ್ತದೆ. ಬಲ ಹೆಚ್ಚಿಸುವ ಉಳಿದ ಉಪಾಯಗಳು ಉಕ್ಕನ್ನು ಸಾಮಾನ್ಯವಾಗಿ ಪೆಡಸಾಗಿಸಿದರೆ, ಇದೊಂದು ಬಲವನ್ನೂ ಮುರಿಯದ ಗುಣವನ್ನೂ ಒಟ್ಟಿಗೆ ಕೊಡುತ್ತದೆ. ನನ್ನ ಮಟ್ಟಿಗೆ ಈ ಉಕ್ಕಿನ ನಿಜವಾದ ಸೊಗಸು ಇದೇ.

ಚಾಸಿ ಕೆಂಪಗಾಗುವ ಹೊತ್ತಿಗೆ ಕಾವು 700 ಡಿಗ್ರಿ ಮುಟ್ಟಿರುತ್ತದೆ. ಆ ಕಾವಿನಲ್ಲಿ ಸೂಕ್ಷ್ಮ ಕಣಗಳು ಒಂದನ್ನೊಂದು ನುಂಗಿ ದಪ್ಪಗಾಗುತ್ತವೆ, ಹರಳುಗಳೂ ಬೆಳೆಯತೊಡಗುತ್ತವೆ. ಮತ್ತೆ ಒತ್ತಿ ಸಣ್ಣದು ಮಾಡಲು ಗ್ಯಾರೇಜಿನಲ್ಲಿ ರೋಲಿಂಗ್ ಮಿಲ್ ಇಲ್ಲ. ವೆಲ್ಡಿಂಗಿನ ಕಾವು ಕಿರಿದಾದ ಪಟ್ಟಿಯೊಂದಕ್ಕೆ ತಾಗಿ ಬೇಗ ಆರಿದರೆ, ಟಾರ್ಚಿನದು ಮೊಳದುದ್ದ ಹಬ್ಬುತ್ತದೆ. ಕಾಯಿಸದೆ ಎಳೆಯಬಹುದಲ್ಲವೇ ಎಂದು ಮೇಸ್ತ್ರಿಯನ್ನು ಕೇಳಿದೆ. “ಎರಡು ದಿನ ಬೇಕ್ರೀ ಸರ, ಓನರ್ ಕಾಯ್ಬೇಕಲ್ಲ” ಎಂದರು.

ಉಕ್ಕಿಗೆ ನಮ್ಮ ದೇಶದ ಮಾನಕವಾದ ಐಎಸ್ 2062ರಲ್ಲಿ ಇ250, ಇ350, ಇ450 ಎಂಬ ದರ್ಜೆಗಳಿವೆ; ಕಾಯಂ ಆಗಿ ಬಾಗುವ ಮುನ್ನ ಚದರ ಮಿಲಿಮೀಟರಿಗೆ ಅಷ್ಟು ನ್ಯೂಟನ್ ಒತ್ತಡವನ್ನು ಉಕ್ಕು ತಡೆಯುತ್ತದೆ ಎಂದು ಸ್ಥೂಲವಾಗಿ ಅರ್ಥ. ಬಲ ಹೆಚ್ಚಿದಂತೆ ತಗಡು ತೆಳುವಾಗಬಹುದು, ಲಾರಿಯ ಸ್ವಂತ ತೂಕ ಇಳಿದಷ್ಟು ಸರಕು ಏರುತ್ತದೆ. ಆದರೆ ಬಿಗಿತ, ಅಂದರೆ ಭಾರ ಬಿದ್ದಾಗ ಬಳುಕದೆ ನಿಲ್ಲುವ ಗುಣ, ಮಾತ್ರ ಎಲ್ಲ ದರ್ಜೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಚಿತ್ರದುರ್ಗದ ಗುಡ್ಡಗಳ ಮೇಲೆ ನಿಂತಿರುವಂಥ ಗಾಳಿಯಂತ್ರಗಳ ಉಕ್ಕಿನ ಕಂಬಗಳಿಗೆ ಸಾಮಾನ್ಯವಾಗಿ 350ರ ಆಸುಪಾಸಿನ ದರ್ಜೆಯನ್ನೇ ಬಳಸುವುದು ಇದೇ ಕಾರಣಕ್ಕೆ: ಅಲ್ಲಿ ತಗಡಿನ ದಪ್ಪವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಂಬದ ಓಲಾಟ ಮತ್ತು ಹಗಲಿರುಳೂ ತುಯ್ದಾಡಿ ಬೆಸುಗೆಗಳು ದಣಿಯುವ ಲೆಕ್ಕ, ಇನ್ನೂ ಬಲದ ಉಕ್ಕು ತಂದರೂ ಇವೆರಡೂ ಅಷ್ಟೇನೂ ಸುಧಾರಿಸುವುದಿಲ್ಲ.