ವೈರ್‌ಲೆಸ್ಸಿನ ಮಾತು: ಗೇಮಿನ ಪೊಲೀಸರು ಯಾಕೆ ಸುಳ್ಳು ಅನ್ನಿಸುತ್ತಾರೆ?

ಆಟದಲ್ಲಿ ಕಳ್ಳನ ಕಾರು ಓಡುತ್ತಿದೆ. ಹಿಂದೆ ಪೊಲೀಸ್ ಜೀಪು ಬರುತ್ತಿದೆ. ಜೀಪಿನ ವೈರ್‌ಲೆಸ್ಸಿನಲ್ಲಿ ಕಂಟ್ರೋಲ್ ರೂಮಿನ ಮಾತು ಕೇಳಿಸಬೇಕು. ಅದೂ ಕನ್ನಡದಲ್ಲಿ, ನಮ್ಮ ತುಮಕೂರಿನ ಪೊಲೀಸರು ಮಾತಾಡುವ ಹಾಗೆ.

ಕಂಪನಿಯವರು ಮಾಡಿದ ಆಟವನ್ನು ಆಡುವವರೇ ತಮಗೆ ಬೇಕಾದಂತೆ ಬದಲಿಸಿಕೊಳ್ಳುತ್ತಾರೆ. ಅದಕ್ಕೆ ಮಾಡ್ ಎನ್ನುತ್ತಾರೆ. ಜೀಪಿನ ಬಣ್ಣ ಬದಲಿಸುವುದು, ಕೆಎ 06 ನಂಬರ್ ಪ್ಲೇಟ್ ಹಾಕುವುದು, ಬಿ.ಎಚ್. ರಸ್ತೆಯ ಬೋರ್ಡು ನಿಲ್ಲಿಸುವುದು ತಾಳ್ಮೆ ಇದ್ದರೆ ಆಗುವ ಕೆಲಸ. ದನಿ ಮಾತ್ರ ಕೈಕೊಡುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಸ್ವಲ್ಪ ಕೊರಕೊರ ಸದ್ದು ಸೇರಿಸಿ ಹಾಕಿ ನೋಡಿ. ಯಾರೋ ರೂಮಿನಲ್ಲಿ ಕೂತು ಓದಿದ್ದಾರೆ ಎಂದು ಕೇಳಿದ ತಕ್ಷಣ ಗೊತ್ತಾಗುತ್ತದೆ.

ವೈರ್‌ಲೆಸ್ ಮಾತಿನ ಒಂದಷ್ಟು ಭಾಗವನ್ನು ನುಂಗಿಬಿಡುತ್ತದೆ. ದಿನವೂ ಅದರಲ್ಲೇ ಮಾತಾಡುವ ಪೊಲೀಸರಿಗೆ ಇದು ಗೊತ್ತು. ಅದಕ್ಕೆ ತಕ್ಕ ಹಾಗೆ ಅವರು ತಮ್ಮ ಮಾತನ್ನೇ ಬದಲಿಸಿಕೊಂಡಿರುತ್ತಾರೆ. ಮಾಡ್ ಮಾಡುವವರು ಯಂತ್ರದ ಸದ್ದನ್ನು ನಕಲು ಮಾಡುತ್ತಾರೆ, ಆ ಬದಲಾದ ಮಾತನ್ನು ಬಿಟ್ಟುಬಿಡುತ್ತಾರೆ. ಎಡವಟ್ಟಾಗುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ.

ಮೊದಲು ಯಂತ್ರವನ್ನೇ ನೋಡೋಣ. ಸದ್ದನ್ನು ಹರ್ಟ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಕಂಪನ. ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ಹಳೆಯ ಟೆಲಿಫೋನು 300ರಿಂದ 3,400 ಹರ್ಟ್ಸ್‌ವರೆಗಿನದನ್ನು ಮಾತ್ರ ದಾಟಿಸುತ್ತಿತ್ತು. ವೈರ್‌ಲೆಸ್ಸಿನದೂ ಹೆಚ್ಚು ಕಡಿಮೆ ಅದೇ ಅಳತೆಯ ಜರಡಿ. ಗಂಡಸಿನ ದನಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 100ರಿಂದ 120 ಸಲ. ಅದು 300ಕ್ಕಿಂತ ತುಂಬಾ ಕೆಳಗಿದೆ, ಹಾಗಾಗಿ ಜರಡಿಯನ್ನು ದಾಟುವುದೇ ಇಲ್ಲ. ಆದರೂ ದಪ್ಪ ದನಿಯ ಎಎಸ್‌ಐ ಮಾತಾಡಿದರೆ ನಮಗೆ ದಪ್ಪ ದನಿಯೇ ಕೇಳುತ್ತದೆ ಅಲ್ವಾ? ಅದು ಮಿದುಳಿನ ಕೆಲಸ. 120ರ ಜೊತೆಗೆ ಅದರ ಮಡಿಗಳಾದ 240, 360, 480, 600 ಹರ್ಟ್ಸ್ ಕಂಪನಗಳೂ ಗಂಟಲಿನಿಂದ ಹೊರಡುತ್ತವೆ. 360ರಿಂದ ಮೇಲಿನವು ದಾಟುತ್ತವೆ. ಅವುಗಳ ನಡುವಿನ ಅಂತರ 120 ಇರುವುದನ್ನು ಹಿಡಿದು, ಕಾಣೆಯಾದ ಮೂಲವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ನನಗಂತೂ ಶಬ್ದ ವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಸಂಗತಿ ಸಿಕ್ಕಿಲ್ಲ.

ಹಾಗಾಗಿ ಪೊಲೀಸ್ ದನಿ ಗಡುಸಾಗಿರಲಿ ಎಂದು ಸಾಫ್ಟ್‌ವೇರಿನಲ್ಲಿ ಸುಮ್ನೆ ಪಿಚ್, ಅಂದರೆ ಶ್ರುತಿ, ಇಳಿಸಬೇಡಿ. ರೆಕಾರ್ಡನ್ನು ನಿಧಾನಗೊಳಿಸಿ ಪಿಚ್ ಇಳಿಸಿದರೆ, ಬಾಯಿ ಮತ್ತು ಗಂಟಲಿನ ಪೊಳ್ಳಿನಲ್ಲಿ ಹುಟ್ಟುವ ಅನುರಣನೆಗಳೂ ಕೆಳಗೆ ಇಳಿಯುತ್ತವೆ. ದೊಡ್ಡ ಗಂಡಸಿನ ಧ್ವನಿ ಮಾರ್ಗದ ಉದ್ದ ಸುಮಾರು 17 ಸೆಂಟಿಮೀಟರ್. ಅನುರಣನೆ ಇಳಿದರೆ ಆ ಮಾರ್ಗವೇ ಉದ್ದವಾದಂತೆ ಕೇಳುತ್ತದೆ. ಪೇದೆಯ ಬದಲು ರಾಕ್ಷಸ ಮಾತಾಡಿದ ಹಾಗಾಗುತ್ತದೆ.

ಜರಡಿಯ ಮೇಲಿನ ಅಂಚಿನಲ್ಲೂ ನಷ್ಟವಿದೆ. ‘ಸ’ ಎನ್ನುವಾಗ ಬರುವ ಸೀಟಿಯಂಥ ಸದ್ದಿನ ಬಹುಪಾಲು 4,000 ಹರ್ಟ್ಸ್‌ಗಿಂತ ಮೇಲಿದೆ. ಅದು ಹೊರಟುಹೋಗುತ್ತದೆ. ಅದೃಷ್ಟಕ್ಕೆ, ಕನ್ನಡದಲ್ಲಿ ಹ್ರಸ್ವ ದೀರ್ಘಗಳ ವ್ಯತ್ಯಾಸ, ಒತ್ತಕ್ಷರದ ತೂಕ, ಇವೆಲ್ಲ ಮುಖ್ಯವಾಗಿ ಸಮಯದ ಲೆಕ್ಕ. ‘ಹಳಿ’ಗೂ ‘ಹಳ್ಳಿ’ಗೂ ಇರುವ ಅಂತರ ನಾಲಿಗೆ ಎಷ್ಟು ಹೊತ್ತು ನಿಂತಿತು ಎನ್ನುವುದರಲ್ಲಿದೆ. ಸಮಯವನ್ನು ಯಾವ ಜರಡಿಯೂ ಕತ್ತರಿಸುವುದಿಲ್ಲ. ಕೆಟ್ಟ ಲೈನಿನಲ್ಲೂ ನಮ್ಮ ಹಳ್ಳಿ ಹಳ್ಳಿಯಾಗಿಯೇ ಕೇಳುತ್ತದೆ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಅದು ಕೆಲಸದ ಕ್ರಮ. ನಿಜವಾದ ವೈರ್‌ಲೆಸ್ ಸೆಟ್ಟು ಮೈಕಿನಿಂದ ಬಂದ ದನಿಯಲ್ಲಿ ಮೇಲಿನ ಕಂಪನಗಳನ್ನು ಹಿಗ್ಗಿಸುತ್ತದೆ. ದನಿಯ ಅಲೆಗಳ ಜೋರಾದ ತುದಿಗಳನ್ನು ಕತ್ತರಿಸುತ್ತದೆ. ಆಮೇಲೆ ಸುಮಾರು 3,000 ಹರ್ಟ್ಸ್‌ನ ಮೇಲಿನದನ್ನು ಸೋಸುತ್ತದೆ. ಮಾಡ್ ಮಾಡುವವರು ಮೊದಲು ಸೋಸಿ, ಕೊನೆಗೆ ಡಿಸ್ಟಾರ್ಶನ್, ಅಂದರೆ ಆ ತುದಿ ಕತ್ತರಿಸುವ ಒರಟುತನ, ಹಾಕಿಬಿಡುತ್ತಾರೆ. ಆಗ ಹೊಸದಾಗಿ ಹುಟ್ಟಿದ ಚೂಪಾದ ಸದ್ದುಗಳೆಲ್ಲ ಹಾಗೇ ಉಳಿದು ಕಿವಿ ಚುಚ್ಚುತ್ತವೆ. ಕ್ರಮ ಬದಲಿಸಿದರೆ ಸಾಕು, ಅರ್ಧ ಕೆಲಸ ಮುಗಿಯುತ್ತದೆ. ತುದಿ ಕತ್ತರಿಸಿದರೆ ಮಾತು ಹಾಳಾಗುವುದಿಲ್ಲವೇ? ಅಷ್ಟಾಗಿ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆ.ಸಿ.ಆರ್. ಲಿಕ್ಲೈಡರ್ 1940ರ ದಶಕದಲ್ಲಿ ಮಾತಿನ ಅಲೆಗಳ ತುದಿಯನ್ನು ವಿಪರೀತ ಕತ್ತರಿಸಿ ನೋಡಿದರು. ಕೇಳಲು ಕರ್ಕಶವಾದರೂ ಮಾತು ಅರ್ಥವಾಗುತ್ತಿತ್ತು.

ಈಗ ಆ ಕೊರಕೊರ ಸದ್ದಿನ ವಿಷಯ. ಗೇಮುಗಳಲ್ಲಿ ಪ್ರತಿ ಸಾಲಿನ ಮೊದಲೂ ಕೊನೆಯೂ ‘ಖ್ಶ್’ ಎಂದು ಹಾಕಿರುತ್ತಾರೆ. ನಡುವೆಯೂ ಮಳೆಯಂತೆ ಸುರಿಸಿರುತ್ತಾರೆ. ಪೊಲೀಸರ ಮಾಮೂಲಿ ವೈರ್‌ಲೆಸ್ ಎಫ್‌ಎಂ ಬಗೆಯದು. ಎಫ್‌ಎಂನಲ್ಲಿ ಸಿಗ್ನಲ್ ಗಟ್ಟಿಯಾಗಿದ್ದರೆ ಹಿನ್ನೆಲೆ ಸದ್ದು ಬಹುತೇಕ ಮಾಯವಾಗುತ್ತದೆ. ಸಿಗ್ನಲ್ ಇಲ್ಲದಾಗ ರಿಸೀವರು ಪೂರ್ತಿ ಗದ್ದಲ ಎಬ್ಬಿಸುತ್ತದೆ. ಅದನ್ನು ಮುಚ್ಚಲು ಸ್ಕ್ವೆಲ್ಚ್ ಎಂಬ ಬಾಗಿಲಿದೆ. ಮಾತಾಡುವವರು ಅಲ್ಲಿಯವರೆಗೆ ಒತ್ತಿಹಿಡಿದಿದ್ದ ಬಟನ್ ಬಿಟ್ಟರು ಎನ್ನಿ. ಅವರ ಸಿಗ್ನಲ್ ನಿಂತಿತು. ಬಾಗಿಲು ಮುಚ್ಚಲು ಒಂದು ಚೂರು ತಡವಾಯಿತು. ಆ ಚೂರು ಹೊತ್ತಿನಲ್ಲಿ ನುಗ್ಗಿದ ಗದ್ದಲವೇ ನಾವು ಕೇಳುವ ‘ಖ್ಶ್’. ಅದು ಮಾತಿನ ಬಾಲ. ತಲೆಯ ಕಡೆ ಅದಕ್ಕೆ ಜಾಗವಿಲ್ಲ.

ತಲೆಯ ಕಡೆ ಆಗುವುದೇ ಬೇರೆ: ಮೊದಲ ಅಕ್ಷರ ನುಂಗಿಹೋಗುತ್ತದೆ. ಬಟನ್ ಒತ್ತಿ, ಸೆಟ್ಟು ತಯಾರಾಗುವ ಮೊದಲೇ ಮಾತು ಶುರುಮಾಡಿದರೆ ಹೀಗಾಗುತ್ತದೆ. ಇದು ಹಳೆಯ ಕಾಯಿಲೆ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1928ರಲ್ಲಿ ಪೊಲೀಸ್ ಕಾರುಗಳಿಗೆ ರೇಡಿಯೋ ಬಂತು. ಆಗ ಕಾರಿನವರು ಕೇಳಬಹುದಿತ್ತು, ತಿರುಗಿ ಮಾತಾಡುವಂತಿರಲಿಲ್ಲ. ಎರಡೂ ಕಡೆಯಿಂದ ಮಾತಾಡುವ ಸೆಟ್ಟುಗಳು 1930ರ ದಶಕದಲ್ಲಿ ಬಂದವು. ಅವುಗಳೊಳಗೆ ಸಣ್ಣದೊಂದು ಮೋಟರ್ ತಿರುಗಿ ವಿದ್ಯುತ್ ಕೊಡಬೇಕಿತ್ತು. ಅದು ವೇಗ ಹಿಡಿಯುವಷ್ಟರಲ್ಲಿ ಮೊದಲ ಒಂದೆರಡು ಅಕ್ಷರ ಹೋಗಿರುತ್ತಿದ್ದವು. ಇಲಿನಾಯ್ ರಾಜ್ಯದ ಪೊಲೀಸ್ ಸಂಪರ್ಕ ವಿಭಾಗದಲ್ಲಿದ್ದ ಚಾರ್ಲ್ಸ್ ಹಾಪರ್ ಇದಕ್ಕೆ ಉಪಾಯ ಹುಡುಕಿದರು. ಪೊಲೀಸರು ಬಳಸುವ ಅಂಕಿಯ ಸಂಕೇತಗಳೆಲ್ಲದರ ಮುಂದೆ ‘ಟೆನ್’ ಸೇರಿಸಿದರು. ನುಂಗುವುದಾದರೆ ಯಂತ್ರ ಅದನ್ನು ನುಂಗಲಿ, ಅರ್ಥವಿರುವ ಅಂಕಿ ಉಳಿಯಲಿ ಎಂದು. ಅಮೆರಿಕದ ಪೊಲೀಸರು ‘ಸಂದೇಶ ತಲುಪಿತು’ ಎನ್ನಲು ಹೇಳುವ ‘ಟೆನ್ ಫೋರ್’ ಹುಟ್ಟಿದ್ದು ಹೀಗೆ. ಅದನ್ನು ತುಮಕೂರಿನ ಪೇದೆಯ ಬಾಯಿಗೆ ಸುಮ್ನೆ ತುರುಕಬಾರದು. ಆದರೆ ಅದರ ಹಿಂದಿನ ಕಾರಣ ನಮ್ಮಲ್ಲೂ ಇದೆ.

ಒಂದು ಉದಾಹರಣೆ ನೋಡಿ. ಕಾಣೆಯಾದವರ ಬಗ್ಗೆ ಸಂದೇಶ ಹೋಗುತ್ತಿದೆ. ಕಂಟ್ರೋಲ್ ರೂಮಿನವರು ‘ವಯಸ್ಸೆಷ್ಟು’ ಎಂದು ಕೇಳುತ್ತಾರೆ. ಪೇದೆ ಬಟನ್ ಒತ್ತಿದ ತಕ್ಷಣ ‘ಇಪ್ಪತ್ತು’ ಎನ್ನುತ್ತಾನೆ. ಮೊದಲ ಸ್ವರ ಹೋಯಿತು. ಆ ಕಡೆ ಕೇಳಿದ್ದು ‘ಪ್ಪತ್ತು’. ಇಪ್ಪತ್ತೋ, ಎಪ್ಪತ್ತೋ? ಹುಡುಗನನ್ನು ಹುಡುಕಬೇಕೋ, ಅಜ್ಜನನ್ನೋ? ಅದಕ್ಕೇ ಅನುಭವವಿರುವವರು ಬಟನ್ ಒತ್ತಿ ಒಂದು ಉಸಿರು ಕಾಯುತ್ತಾರೆ. ‘ಸರ್, ವಯಸ್ಸು ಇಪ್ಪತ್ತು, ಎರಡು, ಸೊನ್ನೆ’ ಎಂದು ಬಿಡಿಸಿ ಹೇಳುತ್ತಾರೆ. ಇಲ್ಲಿ ‘ಸರ್’ ಮರ್ಯಾದೆಯೂ ಹೌದು, ಯಂತ್ರಕ್ಕೆ ಕೊಡುವ ತುತ್ತೂ ಹೌದು. ಗಾಡಿ ನಂಬರನ್ನು ನಮ್ಮವರು ಜಾಸ್ತಿ ಇಂಗ್ಲಿಷಿನಲ್ಲೇ ಓದುತ್ತಾರೆ. ಅಲ್ಲಿ ‘ಫೈವ್’ ಮತ್ತು ‘ನೈನ್’ ಒಂದೇ ಥರ ಕೇಳುತ್ತವೆ. ವಿಮಾನದವರು ‘ನೈನರ್’ ಎನ್ನುವುದು ಇದೇ ಕಾರಣಕ್ಕೆ. ಮಾಡ್‌ನಲ್ಲಿ ಕಂಟ್ರೋಲ್ ರೂಮು ನಂಬರನ್ನು ವಾಪಸ್ ಓದಿ ಖಚಿತ ಮಾಡಿಕೊಳ್ಳುವ ಸಾಲು ಇರಲೇಬೇಕು. ಅಲ್ಲೊಂದು ಇಲ್ಲೊಂದು ತಪ್ಪಾಗಿ ಓದಿ, ಪೇದೆ ತಿದ್ದಿದರೆ ಇನ್ನೂ ಒಳ್ಳೆಯದು.

ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವನ್ನೂ ಗಮನಿಸಿ. ಎದುರುಬದುರು ಹರಟೆಯಲ್ಲಿ ಆ ಬಿಡುವು ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು ಎಂದು 10 ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನ ಹೇಳಿತು. ವೈರ್‌ಲೆಸ್ಸಿನಲ್ಲಿ ಆ ಕಡೆಯ ಬಾಲ ಮುಗಿಯಬೇಕು, ಕೈ ಬಟನ್ನಿಗೆ ಹೋಗಬೇಕು, ಸೆಟ್ಟು ಎಚ್ಚರಗೊಳ್ಳಬೇಕು. ಹರಟೆಯ ವೇಗದಲ್ಲಿ ಉತ್ತರ ಬಂದರೆ ಅದು ನಾಟಕ.

ಡಿಜಿಟಲ್ ಸೆಟ್ಟುಗಳ ಕಥೆ ಬೇರೆ. ಟೆಲಿಫೋನಿನ ಡಿಜಿಟಲ್ ದನಿಗೆ ಸೆಕೆಂಡಿಗೆ 64,000 ಬಿಟ್ ಬೇಕಾದರೆ, ಇವು 5,000ಕ್ಕಿಂತ ಕಡಿಮೆಯಲ್ಲೂ ಮುಗಿಸುತ್ತವೆ. ಸಿಗ್ನಲ್ ಕೆಟ್ಟಾಗ ಗದ್ದಲ ಬರುವುದಿಲ್ಲ, ಮಾತೇ ಮುದ್ದೆಯಾಗುತ್ತದೆ. ಎರಡನ್ನೂ ಕಲಸಬಾರದು.

ಸಿಗ್ನಲ್ ಎಲ್ಲಿ ಕೆಡಬೇಕು ಎನ್ನುವುದನ್ನು ನಕ್ಷೆಯೇ ಹೇಳುತ್ತದೆ. ನೆಲ ಬಯಲಾಗಿದ್ದರೆ, ಎದೆಯ ಮಟ್ಟದಲ್ಲಿ ಹಿಡಿದ ಎರಡು ವಾಕಿಟಾಕಿಗಳ ನಡುವೆ ದೃಷ್ಟಿರೇಖೆ ಹೆಚ್ಚೆಂದರೆ 10 ಕಿಲೋಮೀಟರ್. ಒಂದು ಕಡೆ 30 ಮೀಟರಿನ ಕಂಬ ಇದ್ದರೆ 27 ದಾಟುತ್ತದೆ. ಬೆಟ್ಟ ಅಡ್ಡ ಬಂದರೆ ಈ ಲೆಕ್ಕ ತಲೆಕೆಳಗು. ಆಟದೊಳಗಿನ ಜೀಪು ದೇವರಾಯನದುರ್ಗದ ತಿರುವುಗಳನ್ನು ಹತ್ತಿ ಆಚೆ ಮಗ್ಗುಲಿಗೆ ಹೊರಳಿದಾಗ ದನಿ ಹರಿದು ಚೂರಾಗಲಿ. ಟೌನ್‌ಹಾಲ್ ಸರ್ಕಲ್ಲಿನಲ್ಲಿ ನಿಂತಾಗ ಸ್ವಚ್ಛವಾಗಿರಲಿ. ಎಲ್ಲ ಕಡೆ ಒಂದೇ ಥರ ಕೊರಕೊರ ಎಂದರೆ ಊರಿಗೆ ಗುಡ್ಡವೂ ಇಲ್ಲ, ಬಯಲೂ ಇಲ್ಲ.

ಇಷ್ಟಾದರೂ ಮೈಕಿನ ಮುಂದಿರುವ ಮನುಷ್ಯನ ಮೈ ಆ ಸನ್ನಿವೇಶಕ್ಕೆ ಒಗ್ಗದಿದ್ದರೆ ಎಲ್ಲ ವ್ಯರ್ಥ. ‘ಏಯ್, ನಿಲ್ಸೋ ಗಾಡಿ!’ ಎಂಬ ಸಾಲನ್ನು ರಾತ್ರಿ, ಮನೆಯವರು ಏಳಬಾರದೆಂದು ಮೆಲ್ಲಗೆ ಹೇಳಿ, ಆಮೇಲೆ ವಾಲ್ಯೂಮ್ ಏರಿಸುತ್ತಾರೆ. ಇದು ಎಂದಿಗೂ ಕೂಗು ಆಗುವುದಿಲ್ಲ. ಕೂಗುವಾಗ ಪಿಚ್ ಏರುತ್ತದೆ. ಬಾಯಿ ಅಗಲವಾಗಿ ತೆರೆದು ಸ್ವರದ ಬಣ್ಣವೇ ಬದಲಾಗುತ್ತದೆ. ಸ್ವರಗಳು ಉದ್ದವಾಗುತ್ತವೆ. ಮೇಲಿನ ಕಂಪನಗಳಿಗೆ ಜಾಸ್ತಿ ಬಲ ಬರುತ್ತದೆ. ಮಿದುಳು ದೂರ ಮತ್ತು ಜೋರನ್ನು ಅಳೆಯುವುದು ಇವುಗಳಿಂದ. ವಾಲ್ಯೂಮು ಅದರ ಒಂದು ಭಾಗ ಅಷ್ಟೆ.

ಫ್ರಾನ್ಸಿನ ಕಿವಿ ಮೂಗು ಗಂಟಲು ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಕಿವಿಗೆ ಗದ್ದಲ ಬಿದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಸಿದ್ಧಗಂಗೆಯ ಜಾತ್ರೆಯಲ್ಲಿ ಬಂದೋಬಸ್ತಿಗೆ ನಿಂತ ಪೇದೆಯನ್ನು ನೋಡಿ. ಜನರ ಗದ್ದಲದ ನಡುವೆ ಸೆಟ್ಟನ್ನು ಬಾಯಿಗೆ ಒತ್ತಿಕೊಂಡು ಮಾತಾಡುವಾಗ ಅವರು ಕೂಗಲು ತೀರ್ಮಾನಿಸಿರುವುದಿಲ್ಲ, ಆದರೂ ಕೂಗುತ್ತಿರುತ್ತಾರೆ. ರೆಕಾರ್ಡ್ ಮಾಡುವಾಗ ಇದನ್ನು ಸುಲಭವಾಗಿ ತರಬಹುದು. ಮಾತಾಡುವವರ ಕಿವಿಗೆ ಹೆಡ್‌ಫೋನ್ ಹಾಕಿ, ಸೈರನ್, ಇಂಜಿನ್, ಜನರ ಸದ್ದು ಕೇಳಿಸಿ. ದನಿ ತಾನಾಗಿಯೇ ಬದಲಾಗುತ್ತದೆ. ಅಟ್ಟಿಸಿಕೊಂಡು ಹೋಗುವ ಸಾಲುಗಳಿದ್ದರೆ ಮೊದಲು ಮಹಡಿಯ ಮೆಟ್ಟಿಲು ಹತ್ತಿಳಿಸಿ, ಆಮೇಲೆ ಮೈಕ್ ಕೊಡಿ. ಓಡಿದ ಮೈ ಮಾತಿನ ನಡುವೆ ಎಲ್ಲೆಲ್ಲೋ ಉಸಿರೆಳೆಯುತ್ತದೆ. ಆ ಜಾಗಗಳನ್ನು ನಟನೆಯಲ್ಲಿ ಊಹಿಸುವುದು ಕಷ್ಟ.

ಇನ್ನು ನಮ್ಮ ಭಾಷೆಯ ವಿಷಯ. ಹಲವು ಗೇಮುಗಳು ವೈರ್‌ಲೆಸ್ ಸಾಲುಗಳನ್ನು ತುಂಡು ತುಂಡಾಗಿ ಜೋಡಿಸುತ್ತವೆ. ಗಾಡಿ ಒಂದು ತುಂಡು, ಜಾಗ ಒಂದು ತುಂಡು, ಅಪರಾಧ ಒಂದು ತುಂಡು. ಇಂಗ್ಲಿಷಿಗೆ ಇದು ಒಗ್ಗುತ್ತದೆ, ಊರಿನ ಹೆಸರು ಬದಲಾಗದೆ ನಿಲ್ಲುತ್ತದೆ. ಕನ್ನಡದಲ್ಲಿ ಗುಬ್ಬಿ ‘ಗುಬ್ಬಿಯಲ್ಲಿ’ ಆಗುತ್ತದೆ, ಶಿರಾ ‘ಶಿರಾದಲ್ಲಿ’, ತಿಪಟೂರು ‘ತಿಪಟೂರಿನಲ್ಲಿ’. ಹೆಸರು ಒಂದು ಕಡೆ, ‘ಅಲ್ಲಿ’ ಇನ್ನೊಂದು ಕಡೆ ರೆಕಾರ್ಡ್ ಮಾಡಿ ಅಂಟಿಸಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ದಾರಿ ಎರಡಿವೆ. ಪ್ರತಿ ಊರನ್ನೂ ಪ್ರತ್ಯಯದ ಜೊತೆಗೇ ರೆಕಾರ್ಡ್ ಮಾಡುವುದು ಒಂದು. ಇನ್ನೊಂದು, ‘ಲೊಕೇಶನ್ ಬಟವಾಡಿ, ಗಾಡಿ ಕ್ಯಾತ್ಸಂದ್ರ ಕಡೆ’ ಎಂದು ಹೆಸರನ್ನು ಬರಿದಾಗಿಯೇ ಇಡುವುದು. ನನಗೆ ಎರಡನೆಯದೇ ಇಷ್ಟ. ಒಂದೊಂದು ಅಕ್ಷರಕ್ಕೂ ಅಪಾಯವಿರುವ ಯಂತ್ರದಲ್ಲಿ ಮಾತು ಹೀಗೆ ಮೊಟಕಾಗುವುದು ಸಹಜ.

ಅಂಕಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ನಡುವೆ ಬರುವ ‘ನಾಲ್ಕು’ ಮತ್ತು ಕೊನೆಗೆ ಬರುವ ‘ನಾಲ್ಕು’ ಒಂದೇ ರಾಗದಲ್ಲಿರುವುದಿಲ್ಲ. ಕೊನೆಯದರಲ್ಲಿ ದನಿ ಇಳಿಯುತ್ತದೆ. ಹತ್ತು ಅಂಕಿಗಳನ್ನು ಎರಡೆರಡು ರಾಗದಲ್ಲಿ ಹೇಳಿಸಿ. 20 ತುಣುಕಿನಲ್ಲಿ ಯಾವ ನಂಬರನ್ನಾದರೂ ಓದಿಸಬಹುದು.

ಭಾಷೆ ಎಂದರೆ ಒಂದೇ ಕನ್ನಡವೂ ಅಲ್ಲ. ಪಾವಗಡದ ಕಡೆ ತೆಲುಗು ಮನೆಮಾತಾಗಿರುವವರು ಬಹಳ. ಅಲ್ಲಿ ಬೀಟ್ ಮಾಡುವ ಪೇದೆ ವೈರ್‌ಲೆಸ್ಸಿನಲ್ಲಿ ಕನ್ನಡ ಮಾತಾಡಿ, ಎದುರಿಗಿರುವ ಲಾರಿ ಡ್ರೈವರಿನ ಜೊತೆ ತೆಲುಗಿಗೆ ಹೊರಳಿದರೆ ಅದು ನಿಜವಾದ ಜಿಲ್ಲೆ. ಮಾದರಿ ಬೇಕೆಂದು ಪೊಲೀಸರ ಚಾನೆಲ್ಲನ್ನು ಕದ್ದು ಕೇಳಿ ರೆಕಾರ್ಡ್ ಮಾಡಲು ಹೋಗಬೇಡಿ. ಅದು ಕಾನೂನಿಗೆ ವಿರುದ್ಧ, ಬೇರೆಯವರ ಸಂಕಟವನ್ನು ಆಟದ ಸಾಮಾನು ಮಾಡಿದಂತೆಯೂ ಆಗುತ್ತದೆ. ನಿವೃತ್ತರಾದ ಪೊಲೀಸರೊಬ್ಬರು ನೆಂಟರಿಷ್ಟರಲ್ಲಿ ಇದ್ದೇ ಇರುತ್ತಾರೆ. ಅವರ ಮುಂದೆ ಸಾಲುಗಳನ್ನು ಓದಿ. ಎಲ್ಲಿ ಮುಖ ಸಿಂಡರಿಸುತ್ತಾರೋ ಅಲ್ಲಿ ತಿದ್ದಿ.

ಕೊನೆಯದಾಗಿ ಒಂದು ಲೆಕ್ಕ. ಒಂದು ಸಂದರ್ಭಕ್ಕೆ 20 ಬೇರೆ ಬೇರೆ ಸಾಲು ರೆಕಾರ್ಡ್ ಮಾಡಿದ್ದೀರಿ ಎನ್ನಿ. ಕಂಪ್ಯೂಟರು ಪ್ರತಿ ಸಲ ಕಣ್ಣುಮುಚ್ಚಿ ಒಂದನ್ನು ಆರಿಸಿದರೆ, ಬರೀ 6 ಸಲ ಕೇಳುವಷ್ಟರಲ್ಲಿ ಯಾವುದಾದರೂ ಒಂದು ಸಾಲು ಮರುಕಳಿಸುವ ಸಾಧ್ಯತೆ ಶೇ 56. ಮನುಷ್ಯನ ಕಿವಿ ಅದೇ ಉಸಿರು, ಅದೇ ಎಳೆತವನ್ನು ತಟ್ಟನೆ ಗುರುತಿಸುತ್ತದೆ. ಅದಕ್ಕೇ ಇಸ್ಪೀಟು ಎಲೆಗಳ ಹಾಗೆ ಕಲಸಿ, 20ನ್ನೂ ಮುಗಿಸಿದ ಮೇಲೆಯೇ ಮತ್ತೆ ಕಲಸಬೇಕು. ಇನ್ನೊಂದಿಷ್ಟು ಸಾಲುಗಳು ಆಟಗಾರನಿಗೆ ಸಂಬಂಧವೇ ಇಲ್ಲದವು ಇರಲಿ. ಅಮಾನಿಕೆರೆ ಹತ್ತಿರ ಕೆಟ್ಟುನಿಂತ ಲಾರಿ, ಊಟಕ್ಕೆ ಬಿಡಿ ಎಂದು ಕೇಳುವ ಪೇದೆ, ಬಂದೋಬಸ್ತಿಗೆ ಇಬ್ಬರು ಜನ ಬೇಕೆನ್ನುವ ಪಿಎಸ್‌ಐ. ಇವನ್ನು ಬೇರೆ ಬೇರೆ ಗೆಳೆಯರಿಂದ ಹೇಳಿಸಿ, ಅದೇ ಜರಡಿಯಲ್ಲಿ ಸೋಸಿ, ಕಳ್ಳನ ಸುದ್ದಿ ಇಲ್ಲದ ಹೊತ್ತಿನಲ್ಲಿ ಬಿಡಿ.