ಒಂದೇ ಪುಟದ ಎರಡು ಅಂಕ

ಕುಮಟಾ ಬಸ್ ನಿಲ್ದಾಣದಲ್ಲಿ ಹೊನ್ನಾವರದ ಬಸ್ಸಿಗೆ ಕಾಯುತ್ತ ಪತ್ರಿಕೆ ಬಿಡಿಸಿದ್ದೆ. ಜಿಲ್ಲಾ ಪುಟದ ಮೇಲ್ಭಾಗದಲ್ಲಿ 625ಕ್ಕೆ 620 ಅಂಕ ಪಡೆದ ಹುಡುಗಿಯ ಬಾಯಿಗೆ ತಾಯಿ ಪೇಡೆ ಇಡುತ್ತಿರುವ ಚಿತ್ರವಿತ್ತು. ಅದರ ಕೆಳಗೆ, ಕೋಳಿ ಅಂಕದ ಮೇಲೆ ಪೊಲೀಸರು ದಾಳಿ ಮಾಡಿ ನಾಲ್ಕು ಹುಂಜಗಳನ್ನು ವಶಪಡಿಸಿಕೊಂಡ ಸುದ್ದಿ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಹೆಗಲ ಮೇಲಿಂದಲೇ ಎರಡನ್ನೂ ಓದಿ, “ಎರಡಕ್ಕೂ ದುಡ್ಡು ಕಟ್ಟಿದವರು ಅಪ್ಪಂದಿರೇ, ತಮ್ಮಾ” ಎಂದರು.

ನಕ್ಕು ಬಸ್ ಹತ್ತಿದೆ. ಪದ ಮಾತ್ರ ಬೆನ್ನು ಬಿಡಲಿಲ್ಲ. ಹಳಗನ್ನಡದಲ್ಲಿ ಅಂಕವೆಂದರೆ ಇಬ್ಬರು ಎದುರುಬದುರು ನಿಂತು ಮಾಡುವ ಕಾಳಗ. ಹಾಗೆ ಕಾದುವ ವೀರ ಅಂಕಕಾರ. ಮಲಯಾಳದಲ್ಲಿಯೂ ಇದೇ ಪದ, ಇದೇ ಅರ್ಥ. ಉತ್ತರ ಕೇರಳದ ವಡಕ್ಕನ್ ಪಾಟ್ಟು ಎಂಬ ಜನಪದ ಹಾಡುಗಳಲ್ಲಿ ದೊಡ್ಡ ಮನೆತನಗಳ ವ್ಯಾಜ್ಯ ತೀರಿಸಲು ಅವರ ಪರವಾಗಿ ಚೇಕವರೆಂಬ ವೀರರು ಅಂಕಕ್ಕೆ ಇಳಿಯುತ್ತಾರೆ. ಸಂಸ್ಕೃತದ ಅಂಕಕ್ಕಾದರೋ ಗುರುತು, ಸಂಖ್ಯೆ, ಮಡಿಲು, ನಾಟಕದ ಒಂದು ಭಾಗ ಎಂದು ಹಲವು ಅರ್ಥಗಳು. ಅಂಕದ ಪರದೆ ಆ ಕಡೆಯದು, ಮಾರ್ಕ್ಸ್ ಕಾರ್ಡಿನ ಅಂಕವೂ ಆ ಕಡೆಯದೇ. ಶಾಲೆಗಳು ಹೆಚ್ಚಿದಂತೆ ಈ ಎರಡನೆಯ ಗುಂಪೇ ಗೆದ್ದಿತು. ಕಾಳಗದ ಅಂಕ ಕರಾವಳಿಯಲ್ಲಿ ಹುಂಜದ ಬಾಲ ಹಿಡಿದುಕೊಂಡು ಹೇಗೋ ಉಳಿದಿದೆ.

ಅಂಕ ತೆರವು ಮಾಡಿದ ಜಾಗದಲ್ಲಿ ಈಗ ದ್ವಂದ್ವಯುದ್ಧವಿದೆ. ಆದರೆ ದ್ವಂದ್ವ ಎಂಬುದರ ಹುಟ್ಟಿನಲ್ಲಿ ಯುದ್ಧದ ವಾಸನೆಯೇ ಇಲ್ಲ. ‘ದ್ವ’ ಎರಡು ಸಲ ಬಂದಿದೆ, ಅಷ್ಟೆ: ಎರಡೆರಡು, ಜೋಡಿ. ‘ಚಾರ್ಥೇ ದ್ವಂದ್ವಃ’ ಎನ್ನುವ ಪಾಣಿನಿಗೆ ಅದು ‘ಮತ್ತು’ ಎಂಬ ಅರ್ಥ ಕೊಡುವ ಸಮಾಸ. ಕೆರೆಕಟ್ಟೆಗಳಿಗೂ ಗಿಡಮರಗಳಿಗೂ ಯಾವ ಜಗಳವಿದೆ? ಸಂಸ್ಕೃತದಲ್ಲಿ ಕಲಹ ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿತು ನಿಜ, ಆದರೆ ಕನ್ನಡದಲ್ಲಿ ಹೊಡೆದಾಟ ಬೇಕೆಂದರೆ ಮುಂದೆ ‘ಯುದ್ಧ’ವನ್ನು ಬೇರೆಯಾಗಿ ಕಟ್ಟಿಕೊಳ್ಳಬೇಕು. ಇಂದು ರಾಜಕಾರಣಿಗೆ ದ್ವಂದ್ವ ನಿಲುವು, ಕಥೆಯ ನಾಯಕನಿಗೆ ಅಂತರ್ದ್ವಂದ್ವ, ಹಾಸ್ಯಗಾರನಿಗೆ ದ್ವಂದ್ವಾರ್ಥ. ಚುನಾವಣೆಗೂ ಕ್ರಿಕೆಟ್ಟಿಗೂ ಪತ್ರಿಕೆಯವರು ‘ನೇರ ಹಣಾಹಣಿ’ಯನ್ನೇ ನಂಬಿದ್ದಾರೆ. ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ‘ಇಂದು ದ್ವಂದ್ವ ಉಂಟು’ ಎಂದರೆ ಗದೆ ಹಿಡಿದವರು ಯಾರೂ ಬರುವುದಿಲ್ಲ. ಇಬ್ಬರು ಭಾಗವತರು ಒಂದೇ ಪದ್ಯವನ್ನು ಹಂಚಿಕೊಂಡು ಹಾಡುತ್ತಾರೆ. ಒಬ್ಬರ ಆಲಾಪಕ್ಕಿಂತ ಇನ್ನೊಬ್ಬರದು ಒಂದು ಸುತ್ತು ಹೆಚ್ಚು, ಅದಕ್ಕಿಂತ ಮೊದಲಿನವರದು ಇನ್ನೊಂದು ಸುತ್ತು ಹೆಚ್ಚು. ಪ್ರಸಂಗ ನಿಂತಲ್ಲೇ ನಿಂತಿರುತ್ತದೆ. ನನಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ, ಆದರೆ ಅವರು ಮಾಡುತ್ತಿರುವುದು ಪರಸ್ಪರ ಅಳೆಯುವ ಕೆಲಸ ಎಂಬುದರಲ್ಲಿ ಸಂಶಯವಿಲ್ಲ.

ಆ ಅಳತೆಯನ್ನು ಹತ್ತಿರದಿಂದ ನೋಡಬೇಕೆಂದರೆ ಹೊನ್ನಾವರದಲ್ಲಿ ಇಳಿದು, ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ವನದೊಳಗಿನ ನಡೆದಾರಿಗೆ ಇಳಿತದ ಹೊತ್ತಿಗೆ ಹೋಗಬೇಕು. ಹದಿನೈದು ನಿಮಿಷ ಅಲುಗದೆ ನಿಂತರೆ ಕೆಸರಿನ ತೂತುಗಳಿಂದ ಫಿಡ್ಲರ್ ಏಡಿಗಳು ಒಂದೊಂದಾಗಿ ಹೊರಬರುತ್ತವೆ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಮೈ. ಗಂಡಿಗೆ ಒಂದು ಕೊಂಡಿ ಮಾತ್ರ ವಿಪರೀತ ದೊಡ್ಡದು. ಕೆಲವು ಜಾತಿಗಳಲ್ಲಿ ಮೈತೂಕದ ಅರ್ಧದ ಹತ್ತಿರಕ್ಕೆ ಅದೊಂದೇ ತೂಗುತ್ತದೆ. ಊಟಕ್ಕೆ ಅದು ಕೆಲಸಕ್ಕೆ ಬಾರದು. ಹೆಣ್ಣು ಎರಡು ಪುಟ್ಟ ಕೊಂಡಿಗಳಿಂದ ಕೆಸರು ಮೊಗೆದು ಬಾಯಿಗಿಡುವಾಗ ಗಂಡು ಒಂದೇ ಕೈಯಲ್ಲಿ ಉಣ್ಣಬೇಕು.

ಗೂಡಿಲ್ಲದ ಗಂಡೊಂದು ಗೂಡಿರುವ ಗಂಡಿನ ಬಳಿ ಬಂತೆನ್ನಿ. ಮೊದಲು ಎರಡೂ ಕೊಂಡಿ ಎತ್ತಿ ಬೀಸುತ್ತವೆ. ಬಹಳಷ್ಟು ಸಲ ಚಿಕ್ಕದು ಅಲ್ಲಿಂದಲೇ ಹಿಂದೆ ಸರಿಯುತ್ತದೆ. ಗಾತ್ರ ಸಮಸಮ ಅನ್ನಿಸಿದರೆ ಹತ್ತಿರ ಬಂದು ಕೊಂಡಿಗೆ ಕೊಂಡಿ ತಾಗಿಸುತ್ತವೆ, ತಳ್ಳುತ್ತವೆ. ಆಗಲೂ ತೀರ್ಮಾನವಾಗದಿದ್ದರೆ ಒಂದರೊಳಗೊಂದು ಸಿಕ್ಕಿಸಿ ಹಿಡಿಯುತ್ತವೆ. ಎರಡೂ ಬಲಗೈಯವಾದರೆ ದೂರದಿಂದ ನೋಡುವವರಿಗೆ ಕೈಕುಲುಕಿದಂತೆಯೇ ಕಾಣುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಒಂದು ಬಿಡಿಸಿಕೊಂಡು ಆಚೆ ಹೋಗಿ, ಏನೂ ಆಗಿಲ್ಲವೆಂಬಂತೆ ಸಣ್ಣ ಕೊಂಡಿಯಿಂದ ಕೆಸರು ತಿನ್ನತೊಡಗುತ್ತದೆ.

ಕೊಲ್ಲುವಷ್ಟು ಆಯುಧವಿದ್ದೂ ಇಷ್ಟು ಬೇಗ ಬಿಟ್ಟುಕೊಡುವುದೇಕೆ? ‘ಜಾತಿಯ ಒಳಿತಿಗಾಗಿ’ ಎಂಬ ಉತ್ತರ ಬಹುಕಾಲ ನಡೆಯಿತು. 1973ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ‘ನೇಚರ್’ ಪತ್ರಿಕೆಯಲ್ಲಿ, ಒಂದೊಂದು ಪ್ರಾಣಿಯ ಸ್ವಂತ ಲಾಭನಷ್ಟದ ಲೆಕ್ಕವೇ ಇದಕ್ಕೆ ಸಾಕು ಎಂದು ತೋರಿಸಿದರು. ಅವರ ಲೆಕ್ಕದಲ್ಲಿ ಪಟ್ಟು ಬಿಡದೆ ಕಾದುವುದು ಗಿಡುಗ, ಅಪಾಯ ಕಂಡರೆ ಓಡುವುದು ಇಲಿ; ಮುಂದೆ ಇಲಿಯ ಜಾಗಕ್ಕೆ ಪಾರಿವಾಳ ಬಂದು ಕೂತಿತು. ನಮ್ಮ ಏಡಿಗೆ ಇದನ್ನು ಅನ್ವಯಿಸಿ ನೋಡೋಣ. ಗೂಡು ಸಿಕ್ಕರೆ 20 ಅಂಕ, ಗಾಯವಾದರೆ 60 ಅಂಕ ಕಡಿತ ಎನ್ನಿ. ಎಲ್ಲವೂ ಪಾರಿವಾಳಗಳಾದರೆ ಒಂದು ಗಿಡುಗ ಬಂದು ಗೂಡನ್ನೆಲ್ಲ ದೋಚುತ್ತದೆ. ಎಲ್ಲವೂ ಗಿಡುಗಗಳಾದರೆ ಅರ್ಧ ಸಲ ಗೂಡು, ಅರ್ಧ ಸಲ ಗಾಯ, ಅಂದರೆ ಕಾದಾಟಕ್ಕೆ ಸರಾಸರಿ 20 ಅಂಕ ನಷ್ಟ. ಸುಮ್ಮನೆ ಜಾಗ ಬಿಡುವ ಪಾರಿವಾಳಕ್ಕೆ ಸೊನ್ನೆ, ಅಂದರೆ ಅದೇ ಮೇಲು. ಮೂರರಲ್ಲಿ ಒಂದು ಪಾಲು ಗಿಡುಗತನವಿರುವಾಗ ಎರಡಕ್ಕೂ ಸಮ ಫಲ ದೊರೆತು ಲೆಕ್ಕ ಅಲ್ಲಿ ನಿಲ್ಲುತ್ತದೆ. 20 ಭಾಗಿಸು 60, ಅಷ್ಟೇ. ಗಾಯ ದುಬಾರಿಯಾದಷ್ಟೂ ಗಿಡುಗತನ ಕಡಿಮೆ.

ಎದುರಾಳಿಯ ಬಲವನ್ನು ಮೊದಲೇ ಅಳೆಯಬಲ್ಲ ಪ್ರಾಣಿಗೆ ಇನ್ನಷ್ಟು ಉಳಿತಾಯ. ಅಳತೆ ಇದ್ದಲ್ಲಿ ಕಳ್ಳ ತೂಕವೂ ಇರುತ್ತದಲ್ಲ! ಕೆಲವು ಜಾತಿಯ ಏಡಿಗಳಲ್ಲಿ ದೊಡ್ಡ ಕೊಂಡಿ ಮುರಿದುಹೋದರೆ ಪೊರೆ ಕಳಚುತ್ತ ಹೊಸದು ಬೆಳೆಯುತ್ತದೆ. ಉದ್ದ ಮೊದಲಿನಷ್ಟೇ, ಆದರೆ ಹಗುರ, ಒಳಗೆ ಸ್ನಾಯು ಕಡಿಮೆ. ಬೀಸುವಾಗ ಅಬ್ಬರಕ್ಕೇನೂ ಕೊರತೆಯಿಲ್ಲ, ಎದುರಾಳಿಗೆ ಕಣ್ಣಳತೆಯಲ್ಲಿ ಗುಟ್ಟು ತಿಳಿಯುವುದೂ ಇಲ್ಲ. ಹಿಡಿತಕ್ಕೆ ಬಿದ್ದಾಗ ಮಾತ್ರ ಬಣ್ಣ ಬಯಲು. ಹೀಗಾಗಿ ನೋಟದ ಸುತ್ತು, ತಳ್ಳಾಟದ ಸುತ್ತು, ಹಿಡಿತದ ಸುತ್ತು ಎಂಬ ಕ್ರಮ ಬರಿಯ ಶಿಷ್ಟಾಚಾರವಲ್ಲ. ಒಂದರಲ್ಲಿ ದಾಟಿದ ಸುಳ್ಳು ಮುಂದಿನದರಲ್ಲಿ ಸಿಕ್ಕಿಬೀಳುತ್ತದೆ. ಅಂಕ ಎಂಬ ಪದ ಕಾಳಗದಿಂದ ಮೌಲ್ಯಮಾಪನಕ್ಕೆ ಜಾರಿದ್ದು ಆಕಸ್ಮಿಕವೇ ಇರಬಹುದು, ಆದರೆ ಏಡಿಗೆ ಕೇಳಿದರೆ ಎರಡೂ ಒಂದೇ ಎಂದೀತು.

ಹುಂಜಕ್ಕೂ ಈ ಅಳತೆ ಗೊತ್ತು. 1920ರ ದಶಕದ ಆರಂಭದಲ್ಲಿ ನಾರ್ವೆಯ ತೋರ್ಲೈಫ್ ಶೆಲ್ಡರುಪ್ ಎಬ್ಬೆ ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಶ್ರೇಣಿ ಇರುವುದನ್ನು ವಿವರಿಸಿದ. ಒಮ್ಮೆ ಸೋತ ಕೋಳಿ ಮರುದಿನ ಕಾಳಿನ ಬಳಿ ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ದಿನಾ ಕಾದಬೇಕಿಲ್ಲ. ನಮ್ಮ ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಚೂಪಾದ ಕತ್ತಿ ಕಟ್ಟುತ್ತಾರೆ. ಪ್ರಾಣಿಗಳನ್ನು ಹೀಗೆ ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಮಾತು ಹಾಗಿರಲಿ, ಆ ಕತ್ತಿ ಹುಂಜದ ಲೆಕ್ಕವನ್ನೇ ಕೆಡಿಸುತ್ತದೆ. ಅದು ಜಿಗಿದು ಒದೆಯುವುದು ತನ್ನ ಕಾಲಿನ ಮುಳ್ಳಿನ ಅಂದಾಜಿನಲ್ಲಿ. ಎದುರಿನದರ ಬಲ ಎಷ್ಟೆಂದು ತಿಳಿಯುವ ಮೊದಲ ಒದೆತದಲ್ಲೇ ಎದೆ ಸೀಳಿರುತ್ತದೆ. ಸೋತ ಹುಂಜ ಗೆದ್ದವನ ಪಾಲು. ಸಂಜೆಗೆ ಸಾರು.