ಮೂತ್ರದಲ್ಲಿ ಪ್ರೋಟೀನಿಲ್ಲ, ಆದರೂ ಕಾಲು ಊದಿದೆ: ಕರುಳಿನ ದುಗ್ಧನಾಳಗಳ ಒಂದು ಅಪರೂಪದ ಕಾಯಿಲೆ

ಒಂದು ಮಗುವನ್ನು ಕಲ್ಪಿಸಿಕೊಳ್ಳಿ. ಎರಡೂ ಕಾಲುಗಳು ಊದಿವೆ, ಕೈಬೆರಳುಗಳು ಆಗಾಗ ಸೆಟೆದುಕೊಳ್ಳುತ್ತವೆ. ಭೇದಿ ಹೇಳಿಕೊಳ್ಳುವಷ್ಟಿಲ್ಲ. ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಪ್ರೋಟೀನಾದ ಆಲ್ಬುಮಿನ್ ರಕ್ತದಲ್ಲಿ ಡೆಸಿಲೀಟರಿಗೆ 1.8 ಗ್ರಾಂಗೆ ಇಳಿದಿದೆ, 3.5ರ ಮೇಲಿರಬೇಕಿತ್ತು. ಊತ ಎಂದೊಡನೆ ನಮ್ಮ ಗಮನ ಮೂತ್ರಪಿಂಡದ ಕಡೆಗೆ ಹೋಗುತ್ತದೆ. ಆದರೆ ಮೂತ್ರದಲ್ಲಿ ಪ್ರೋಟೀನಿಲ್ಲ. ಯಕೃತ್ತು ಚೆನ್ನಾಗಿದೆ, ಊಟಕ್ಕೂ ಕೊರತೆಯಿಲ್ಲ. ಇನ್ನುಳಿದ ದಾರಿ ಕರುಳು.

ಈಗ ಮೊದಲ ದಿನವೇ ಮಾಡಿಸಿದ ಸಾಮಾನ್ಯ ರಕ್ತಪರೀಕ್ಷೆಯ ಹಾಳೆಯನ್ನು ಮತ್ತೆ ತೆಗೆದು ಲಿಂಫೋಸೈಟುಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಸಂಖ್ಯೆಯನ್ನು ನೋಡಿ. ನನ್ನ ದೃಷ್ಟಿಯಲ್ಲಿ ಇಡೀ ರೋಗನಿರ್ಣಯದ ಕೀಲಿ ಇಲ್ಲಿದೆ. ಆಲ್ಬುಮಿನ್, ಐಜಿಜಿ ಎಂಬ ಪ್ರತಿಕಾಯ ಮತ್ತು ಲಿಂಫೋಸೈಟುಗಳು ಮೂರೂ ಒಟ್ಟಿಗೆ ಕುಸಿದಿದ್ದರೆ ಸೋರುತ್ತಿರುವುದು ಬರೀ ಪ್ರೋಟೀನಲ್ಲ, ಇವೆಲ್ಲವನ್ನೂ ಹೊತ್ತ ದುಗ್ಧರಸವೇ (ಲಿಂಫ್) ಎಂದು ಬಲವಾಗಿ ಶಂಕಿಸಬೇಕು. ಮೂತ್ರಪಿಂಡದ ಜರಡಿ ಸಣ್ಣ ಅಣುಗಳನ್ನು ಬಿಟ್ಟು ದೊಡ್ಡವನ್ನು ತಡೆಯುತ್ತದೆ. ಒಡೆದ ದುಗ್ಧನಾಳಕ್ಕೆ ಆ ವಿವೇಚನೆಯಿಲ್ಲ, ಜೀವಕೋಶಗಳೂ ಹರಿದು ಹೋಗುತ್ತವೆ.

ಹೀಗೇಕೆ ಆಗುತ್ತದೆ? ಸಣ್ಣ ಕರುಳಿನ ಒಳಗೋಡೆಯ ಪ್ರತಿ ವಿಲ್ಲಸ್‌ನ (ಬೆರಳಿನಂಥ ಸೂಕ್ಷ್ಮ ಚಾಚಿಕೆಯ) ನಡುವೆ ಕೊಬ್ಬನ್ನು ಹೊತ್ತೊಯ್ಯುವ ಲ್ಯಾಕ್ಟಿಯಲ್ ಎಂಬ ಸೂಕ್ಷ್ಮ ದುಗ್ಧನಾಳವಿದೆ. ಪ್ರಾಥಮಿಕ (ಅಂದರೆ ಬೇರೊಂದು ಕಾಯಿಲೆಯಿಂದ ಬಂದದ್ದಲ್ಲದ) ಇಂಟೆಸ್ಟೈನಲ್ ಲಿಂಫಾಂಜಿಯೆಕ್ಟೇಸಿಯಾ ಎಂಬ ಕಾಯಿಲೆಯಲ್ಲಿ ಇವು ಹಿಗ್ಗಿ, ಒತ್ತಡ ತಾಳದೆ ಕರುಳಿನೊಳಕ್ಕೆ ಸೋರುತ್ತವೆ. 1961ರಲ್ಲಿ ಅಮೆರಿಕದ ಥಾಮಸ್ ವಾಲ್ಡ್‌ಮನ್ ಮತ್ತು ಸಂಗಡಿಗರು 18 ರೋಗಿಗಳಲ್ಲಿ ಇದನ್ನು ವಿವರಿಸಿದ್ದರಿಂದ ವಾಲ್ಡ್‌ಮನ್ ಕಾಯಿಲೆ ಎಂಬ ಹೆಸರೂ ಇದೆ.

ಬೆರಳು ಸೆಟೆದುಕೊಳ್ಳುವುದನ್ನು ಕಡೆಗಣಿಸಬೇಡಿ. ಆಲ್ಬುಮಿನ್ ಕಡಿಮೆಯಾದಾಗ ಅದಕ್ಕೆ ಅಂಟಿಕೊಂಡ ಕ್ಯಾಲ್ಸಿಯಂ ಕೂಡ ಇಳಿಯುವುದರಿಂದ, ಒಟ್ಟು ಕ್ಯಾಲ್ಸಿಯಂ ಇಳಿಕೆಯನ್ನು ‘ಆಲ್ಬುಮಿನ್‌ನಿಂದ’ ಎಂದು ಬದಿಗಿಡುವುದು ಸುಲಭ. ಆದರೆ ಸ್ನಾಯು ಸೆಟೆಯುವುದು ಅಯಾನು ರೂಪದ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ನಿಜವಾಗಿ ಇಳಿದಾಗ. ಕೊಬ್ಬು ಹೀರಲ್ಪಡದಿದ್ದರೆ ಅದರಲ್ಲಿ ಕರಗುವ ವಿಟಮಿನ್ ಡಿ ಕೂಡ ಸೇರುವುದಿಲ್ಲ. ಉಳಿದ ಕೊಬ್ಬಿನಾಮ್ಲ ಕ್ಯಾಲ್ಸಿಯಂ ಜೊತೆ ಸಾಬೂನಿನಂತೆ ಗಟ್ಟಿಗೊಂಡು ಮಲದಲ್ಲಿ ಹೋಗುತ್ತದೆ. ಊತಕ್ಕೂ ಸೆಟೆತಕ್ಕೂ ಮೂಲ ಒಂದೇ!

ಸೋರಿಕೆಯನ್ನು ಖಚಿತಪಡಿಸಲು ಮಲದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಅಳೆಯುತ್ತಾರೆ. ಇದು ರಕ್ತದ ಪ್ರೋಟೀನು, ಕರುಳಿನ ಕಿಣ್ವಗಳಿಗೆ ಜೀರ್ಣವಾಗದೆ ಉಳಿಯುತ್ತದೆ. 24 ಗಂಟೆಯ ಮಲವನ್ನು ಸಂಗ್ರಹಿಸಿ ರಕ್ತದ ಪ್ರಮಾಣದೊಂದಿಗೆ ಹೋಲಿಸುವುದು ಉತ್ತಮ. ಆದರೆ ಇದು ಸೋರಿಕೆಯನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಕಾರಣಕ್ಕೆ ಎಂಡೋಸ್ಕೋಪಿ ಮತ್ತು ಬಯಾಪ್ಸಿ (ಅಂಗಾಂಶದ ತುಣುಕಿನ ಪರೀಕ್ಷೆ) ಬೇಕು: ಲೋಳೆಪೊರೆಯ ಮೇಲೆ ಬಿಳಿ ಚುಕ್ಕೆಗಳು, ಸೂಕ್ಷ್ಮದರ್ಶಕದಡಿ ಹಿಗ್ಗಿದ ಲ್ಯಾಕ್ಟಿಯಲ್‌ಗಳು. ಕಾಯಿಲೆ ಅಲ್ಲಲ್ಲಿ ತೇಪೆಯಂತೆ ಇರುವುದರಿಂದ ಒಂದು ಬಯಾಪ್ಸಿ ಸಹಜವಾಗಿ ಬಂದರೆ ಕಾಯಿಲೆಯಿಲ್ಲ ಎನ್ನಲಾಗದು. ಇನ್ನೂ ಕೆಳಗಿನ ಭಾಗ ನೋಡಲು, ನುಂಗುವ ಪುಟ್ಟ ಕ್ಯಾಮೆರಾದ ಕ್ಯಾಪ್ಸೂಲ್ ಎಂಡೋಸ್ಕೋಪಿ ಇದೆ. ಕಡಿಮೆ ಕೊಬ್ಬಿನ ಆಹಾರದಲ್ಲಿರುವ ರೋಗಿಯಲ್ಲಿ ಚುಕ್ಕೆಗಳು ಮಸುಕಾಗಬಹುದು, ಆದ್ದರಿಂದ ಪರೀಕ್ಷೆಗೆ ಮುನ್ನ ಏನು ತಿಂದಿದ್ದರು ಎಂದು ಕೇಳಿ.

‘ಪ್ರಾಥಮಿಕ’ ಎಂದು ಬರೆಯುವ ಮುನ್ನ ಹೃದಯವನ್ನು ನೋಡಲೇಬೇಕು. ಹೃದಯದ ಹೊರಪೊರೆ ಗಟ್ಟಿಯಾಗಿ ಬಿಗಿದರೆ ದುಗ್ಧರಸ ಮುಂದೆ ಹರಿಯಲಾಗದೆ ಹಿಂದೆಯೇ ನಿಂತು ಇದೇ ಚಿತ್ರ ಮೂಡುತ್ತದೆ. ನಮ್ಮ ದೇಶದಲ್ಲಿ ಅದಕ್ಕೆ ಕ್ಷಯ ಮುಖ್ಯ ಕಾರಣ, ಮತ್ತು ಶಸ್ತ್ರಚಿಕಿತ್ಸೆಯಿಂದ ಅದು ಗುಣವಾಗಬಹುದು. ಲಿಂಫೋಮಾ (ದುಗ್ಧವ್ಯವಸ್ಥೆಯ ಕ್ಯಾನ್ಸರ್), ಹೊಟ್ಟೆಯ ಕ್ಷಯ, ಫಾಂಟಾನ್ ಎಂಬ ಹೃದಯ ಶಸ್ತ್ರಚಿಕಿತ್ಸೆಯ ನಂತರದ ಸ್ಥಿತಿಗಳೂ ಪಟ್ಟಿಯಲ್ಲಿರಲಿ.

ಚಿಕಿತ್ಸೆಯ ಆಧಾರ ಆಹಾರ: ಕೊಬ್ಬು ಕಡಿಮೆ, ಪ್ರೋಟೀನು ಹೆಚ್ಚು, ಜೊತೆಗೆ ಎಂಸಿಟಿ ಎಣ್ಣೆ. ಮಧ್ಯಮ ಸರಪಳಿಯ ಈ ಕೊಬ್ಬು ಲ್ಯಾಕ್ಟಿಯಲ್‌ಗಳನ್ನು ಬಿಟ್ಟು ನೇರವಾಗಿ ಯಕೃತ್ತಿಗೆ ಹೋಗುವ ಪೋರ್ಟಲ್ ರಕ್ತನಾಳ ಸೇರುತ್ತದೆ. ಅದರ ಬದಲು ಕೊಬ್ಬರಿ ಎಣ್ಣೆ ಸಾಲದೇ ಎಂದು ಕರಾವಳಿಯ ಮನೆಯವರು ಕೇಳಬಹುದು. ಸಾಲದು. ಅದರ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಹೆಸರಿಗೆ ಮಧ್ಯಮ ಸರಪಳಿಯಾದರೂ ಅದರ ಬಹುಪಾಲು ದುಗ್ಧನಾಳಗಳ ಮೂಲಕವೇ ಸಾಗುತ್ತದೆ.